ಕೆರೆಮನೆಯ ಮೂರನೇ ಮೆಟ್ಟಿಲು

ಇದರಲ್ಲಿ ಎಷ್ಟು ನಿಜವಾಗಿ ನಡೆದದ್ದು, ಎಷ್ಟು ನಾನು ಆಮೇಲೆ ಸೇರಿಸಿಕೊಂಡದ್ದು ಎಂದು ಯಾರಾದರೂ ಕೇಳಿದರೆ ಆಣೆ ಮಾಡಿ ಹೇಳಲಾರೆ. ಆ ಮಳೆಗಾಲ ಕಳೆದು ಆರೋ ಏಳೋ ವರ್ಷ ಆಗಿರಬಹುದು, ಅಷ್ಟೆ. ಅಷ್ಟರಲ್ಲೇ ನನ್ನ ಹೆಂಡತಿ ಸುಮ ಹೇಳುವ ಕಥೆ ಒಂದು ದಡದಲ್ಲಿದೆ, ನನ್ನದು ಇನ್ನೊಂದು ದಡದಲ್ಲಿ. ಸಾಲದ್ದಕ್ಕೆ ಆ ಮಳೆಗಾಲದ ಹೊಟ್ಟೆಯೊಳಗೆ ಇನ್ನೊಂದು ಮಳೆಗಾಲವಿದೆ, ನಾನು ಆರು ವರ್ಷದ ಹುಡುಗನಾಗಿದ್ದಾಗಿನದು. ಮೊನ್ನೆ ಮೊನ್ನೆ ಕಂಡದ್ದೇ ಗಟ್ಟಿ ಇಲ್ಲದವನು ಅರ್ಧ ಶತಮಾನದ ಹಿಂದಿನದನ್ನು ನಂಬುವುದು ಹೇಗೆ? ಆದರೂ ಒಂದು ಮನೆ ಕೊಳ್ಳುವುದೋ ಬಿಡುವುದೋ ಎಂಬ ಮಾತು ಆ ಹಳೆಯ ನೆನಪಿನ ಮೇಲೇ ನಿಂತುಬಿಟ್ಟಿತ್ತು.

ಇದನ್ನೆಲ್ಲ ಮತ್ತೆ ಕೆದಕಿದ್ದು ಒಂದು ವಾಸನೆ. ಕಳೆದ ಶ್ರಾವಣದ ಒಂದು ಭಾನುವಾರ ಸುಮಳೂ ನಾನೂ ಊರಿನ ಪಶ್ಚಿಮದ ಅಂಚಿನ ಕೆರೆಯೊಂದರ ಪಕ್ಕ ಹೊಸದಾಗಿ ತೆರೆದ ಕಾಫಿ ಅಂಗಡಿಗೆ ಹೋಗಿದ್ದೆವು. ಕೆರೆಯ ಹೆಸರು ಬೇಡ. ಅಂಗಡಿಯವರಿಗೆ ನನ್ನ ನೆನಪಿನ ತಂಟೆ ತಗಲುವುದು ನನಗೆ ಇಷ್ಟವಿಲ್ಲ. ಹಳೆಯ ಹೆಂಚಿನ ಮನೆಗೇ ಸುಣ್ಣ ಬಳಿದು, ಹಿತ್ತಲಲ್ಲಿ ಮೇಜು ಕುರ್ಚಿ ಹಾಕಿ, ಮರಗಳಿಗೆ ಸಣ್ಣ ಸಣ್ಣ ದೀಪ ಸುತ್ತಿದ್ದರು. ಕಾಫಿಯ ಬೆಲೆ ನೋಡಿ ಸುಮ, "ಈ ದುಡ್ಡಿಗೆ ಮನೆಗೆ ಕಾಲು ಕೆ.ಜಿ. ಪುಡಿ ಬರುತ್ತಿತ್ತು ಕಣ್ರೀ" ಎಂದಳು. ಮಳೆ ಆಗತಾನೆ ನಿಂತಿತ್ತು. ಗಾಳಿ ಕೆರೆಯ ಕಡೆಯಿಂದ ಒಂದು ಸಲ ಬೀಸಿತು. ಕೊಳೆತ ಜೊಂಡು, ಹಸಿ ಕೆಸರು, ಅದರೊಳಗೆ ಎಲ್ಲೋ ತುಕ್ಕು ಹಿಡಿದ ಕಬ್ಬಿಣದ ಒಂದು ಎಳೆ. ಸುಮ ಮೂಗಿನವರೆಗೆ ತಂದ ಸೆರಗನ್ನು ಅಲ್ಲೇ ನಿಲ್ಲಿಸಿದಳು.

"ಗೌರಮ್ಮನ ಹಿತ್ತಲು," ಎಂದೆ.

"ಹ್ಞೂಂ," ಎಂದಳು. ಸೆರಗು ಇಳಿಸಿ ಕಾಫಿ ಕುಡಿಯತೊಡಗಿದಳು.

ನಾವು ಕೊಳ್ಳಬೇಕು ಅಂದುಕೊಂಡು ಕೊಳ್ಳದೆ ಬಿಟ್ಟದ್ದು ಇದೇ ಮನೆ.

ಆಗ ನಾವು ಸರಸ್ವತಿಪುರಂನಲ್ಲಿ ಬಾಡಿಗೆಗಿದ್ದೆವು. ಮದುವೆಯಾದ ಮೇಲೆ ಅದು ಏಳನೆಯ ಮನೆ. ಸುಮಳ ಪ್ರಕಾರ ಎಂಟನೆಯದು. ಕುವೆಂಪುನಗರದಲ್ಲಿ ಮೂರೇ ತಿಂಗಳಿದ್ದ ಮನೆಯನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಅವಳು ಹಿಡಿಯುತ್ತಾಳೆ, ಏಕೆಂದರೆ ಪಾತ್ರೆ ಕಟ್ಟಿದವಳು ಅವಳು. ಇಷ್ಟು ಮನೆ ಬದಲಾಗಿದ್ದು ಬಹುಪಾಲು ನನ್ನ ಸ್ವಭಾವದಿಂದ. ಇತಿಹಾಸದಲ್ಲಿ ಎಂ.ಎ. ಮಾಡಿದೆ, ಪಿಎಚ್‌.ಡಿ. ಅರ್ಧಕ್ಕೆ ಬಿಟ್ಟೆ, ಕಾಲೇಜಿನಲ್ಲಿ ಪಾಠ ಹೇಳಿದೆ, ಪತ್ರಿಕೆಯಲ್ಲಿ ಪ್ರೂಫ್ ನೋಡಿದೆ, ಕೊನೆಗೆ ಮನೆಯಲ್ಲೇ ಕೂತು ಬೇರೆಯವರ ಪುಸ್ತಕ ತಿದ್ದುವ ಕೆಲಸ ಹಿಡಿದೆ. ಪ್ರತಿ ಕೆಲಸಕ್ಕೂ ಒಂದು ಹೊಸ ಬಡಾವಣೆ ಬೇಕೆನ್ನಿಸುತ್ತಿತ್ತು. ಸುಮ ಮಾತ್ರ ಮೊದಲಿನಿಂದಲೂ ಅದೇ ಟ್ಯುಟೋರಿಯಲ್‌ನಲ್ಲಿ ಪಿಯುಸಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದಾಳೆ. ಮನೆ ಯಾವುದಾದರೇನು, ಬಸ್ಸಿನ ನಂಬರ್ ಬದಲಾಗುತ್ತೆ ಅಷ್ಟೆ, ಎನ್ನುತ್ತಿದ್ದಳು. ಅದು ನಿಜವಾಗಿ ದೂರು ಎಂದು ನನಗೆ ತಿಳಿಯಲು ಬಹಳ ವರ್ಷ ಹಿಡಿಯಿತು.

ಆ ಜ್ಯೇಷ್ಠದಲ್ಲಿ ಒಂದು ಸಂಜೆ ಬಂದವಳೇ, "ಒಂದು ಮನೆ ಇದೆಯಂತೆ, ಕೆರೆ ಪಕ್ಕ. ಬೀಳೋ ಸ್ಥಿತಿ. ಅದಕ್ಕೇ ನಮ್ಮ ಕೈಗೆ ಎಟುಕೋ ರೇಟು" ಎಂದಳು. ಅವಳ ವಿದ್ಯಾರ್ಥಿಯೊಬ್ಬಳ ತಂದೆ ಪುಟ್ಟರಾಜು, ಮನೆ ಸೈಟು ಮಾರಿಸಿಕೊಡುವವನು, ಹೇಳಿದ್ದಂತೆ. "ನಾವು ಇರೋಕಲ್ಲ," ಎಂದು ಕೂಡಲೇ ಸೇರಿಸಿದಳು. "ಹೂಡಿಕೆ. ಕೆರೆ ಸುತ್ತ ವಾಕಿಂಗ್ ಪಾತ್ ಮಾಡ್ತಾರಂತೆ. ರಿಪೇರಿ ಮಾಡ್ಸಿ ಯೋಗ ಕಲಿಯೋಕೆ ಬರೋ ಫಾರಿನ್‌ನವರಿಗೆ ಬಾಡಿಗೆಗೆ ಕೊಡೋದು, ರೇಟು ಏರಿದ ಮೇಲೆ ಮಾರೋದು." ಸಂತೆಯ ಲೆಕ್ಕ ಒಪ್ಪಿಸುವವಳ ಹಾಗೆ ಒಂದೇ ಉಸಿರಿಗೆ ಹೇಳಿದಳು. ನಾನು ಯಾವುದನ್ನೂ ಸುಮ್ಮನೆ ನಂಬುವವನಲ್ಲವಾದ್ದರಿಂದ ನನ್ನ ಹತ್ತಿರ ಭಾವನೆಯ ಮಾತು ಆಡಬಾರದು, ಅಂಕಿಸಂಖ್ಯೆಯ ಮಾತೇ ಆಡಬೇಕು ಎಂದು ಅವಳು ಯಾವಾಗಲೋ ತೀರ್ಮಾನಿಸಿದ್ದಳು.

ಮುಂದಿನ ಭಾನುವಾರ ಪುಟ್ಟರಾಜುವಿನ ಜೊತೆ ಹೋದೆವು. ಮುಂಗಾರು ಅಲ್ಲಿಯವರೆಗೆ ಕೈ ಕೊಟ್ಟಿತ್ತು. ಕೆರೆ ಎಂದರೆ ನಡುವೆ ಒಂದಷ್ಟು ಹಸಿರು ನೀರು, ಸುತ್ತ ಬಿರುಕು ಬಿಟ್ಟ ಕೆಸರು, ಆ ಕೆಸರಿನ ಮೇಲೆ ಮೂರು ಕಡೆ ಕ್ರಿಕೆಟ್ಟು. ಮನೆ ಪೂರ್ವದ ದಂಡೆಯಲ್ಲಿತ್ತು. ಮುಂದೆ ರಸ್ತೆ, ಹಿಂದೆ ಕೆರೆ. ಹೆಂಚು ಅರ್ಧ ಜಾರಿತ್ತು, ಗೋಡೆಯ ಗಾರೆ ಹಪ್ಪಳದ ಹಾಗೆ ಎದ್ದಿತ್ತು, ನಡುಮನೆಯಲ್ಲಿ ಸೋರುವ ಜಾಗಕ್ಕೆಲ್ಲ ಬಕೆಟ್ಟು. ಮುಂದಿನ ಜಗಲಿಯಲ್ಲಿ ಮನೆಯ ಯಜಮಾನರು, ಹಣೆಯ ತುಂಬ ವಿಭೂತಿ, ಪೇಪರು ಓದುತ್ತ ಕೂತಿದ್ದರು. ನಾವು ಕೈ ಮುಗಿದರೆ ಅವರು ಪೇಪರಿನಿಂದ ಕಣ್ಣೆತ್ತದೆ, "ಎಲ್ಲಾ ಅವಳನ್ನೇ ಕೇಳಿ" ಎಂದು ಒಳಗೆ ಬೆರಳು ತೋರಿಸಿದರು.

ಅವಳು ಎಂದರೆ ಗೌರಮ್ಮ. ಅರವತ್ತು ದಾಟಿದ, ಗಟ್ಟಿಮುಟ್ಟಾದ ಹೆಂಗಸು. ಮನೆ ಯಾಕೆ ಮಾರುತ್ತಿದ್ದೀರಿ ಎಂದು ಸುಮ ಮೆಲ್ಲಗೆ ಕೇಳಿದ್ದಕ್ಕೆ ಆಕೆ ಒಂದಿಷ್ಟೂ ಮುಚ್ಚುಮರೆಯಿಲ್ಲದೆ, "ನಂಗೆ ಲಿಫ್ಟ್ ಇರೋ ಮನೆ ಬೇಕು ಕಣವ್ವ. ನಲವತ್ತು ವರ್ಷದಿಂದ ಬಕೆಟ್ಟು ಎತ್ತಿ ಎತ್ತಿ ಇಟ್ಟಿದೀನಿ. ಇನ್ನು ಬಟನ್ ಒತ್ತಿದ್ರೆ ಅದು ನನ್ನ ಎತ್ತಿಡ್ಬೇಕು" ಎಂದರು. ಪುಟ್ಟರಾಜು ಹೋ ಎಂದು ನಕ್ಕ. ಜಗಲಿಯಿಂದ ಯಜಮಾನರು, "ಕರೆಂಟ್ ಹೋದ್ರೆ ಮಧ್ಯದಲ್ಲೇ ನಿಂತ್ಕೋತೀಯ" ಎಂದು ಕೂಗಿದರು. "ನಿಂತ್ಕೋತೀನಿ ಬುಡಿ, ಅಲ್ಲಾದ್ರೂ ಸೋರಲ್ಲ" ಎಂದರು ಗೌರಮ್ಮ.

ಹಿತ್ತಲ ಬಾಗಿಲಿನಿಂದ ಐದು ಕಲ್ಲಿನ ಮೆಟ್ಟಿಲು ಇಳಿದರೆ ಕೆರೆಯಂಗಳ. ನಾನು ಬಾಗಿಲಲ್ಲಿ ನಿಂತೆ. ಅಷ್ಟೇ. ಒಂದು ವಾಸನೆ ಬಂತು, ಮೊದಲೇ ಹೇಳಿದೆನಲ್ಲ ಅದು. ಅದರ ಜೊತೆಗೆ ನಮ್ಮಮ್ಮ ಬಂದಳು.

ನಾನು ಕಂಡದ್ದು, ಅಥವಾ ಕಂಡೆ ಎಂದುಕೊಂಡದ್ದು, ಇಷ್ಟು. ಅಮ್ಮ ಇದೇ ಮೆಟ್ಟಿಲುಗಳ ನಡುವಿನದರಲ್ಲಿ, ಮೇಲಿನಿಂದ ಎಣಿಸಿದರೂ ಕೆಳಗಿನಿಂದ ಎಣಿಸಿದರೂ ಮೂರನೆಯದರಲ್ಲಿ, ಸೀರೆ ಎತ್ತಿ ಕಟ್ಟಿ ಕುಕ್ಕರಗಾಲಲ್ಲಿ ಕೂತಿದ್ದಾಳೆ. ಅವಳ ಪಾದದ ಕೆಳಗೇ ನೀರು. ಅರಿಸಿನ ಬಳಿದ ಬಿದಿರಿನ ಮೊರವೊಂದನ್ನು ನೀರಿಗೆ ತಳ್ಳುತ್ತಾಳೆ. ಮೊರದ ಮೇಲೆ ಇನ್ನೊಂದು ಮೊರ ಮುಚ್ಚಿದೆ, ಒಳಗೆ ಬಳೆ, ಕನ್ನಡಿ, ಬಾಚಣಿಗೆ, ಧಾನ್ಯ, ಬೆಲ್ಲ. ಕೆರೆ ತುಂಬಿದಾಗ ಗಂಗಮ್ಮನಿಗೆ ಕೊಡುವ ಬಾಗಿನ. ಗಾಳಿಗೆ ಮೊರ ತಿರುಗಿ ಅವಳ ಕಾಲಿಗೇ ಬಂದು ತಾಗುತ್ತದೆ. ಅವಳು ಮತ್ತೆ ತಳ್ಳುತ್ತಾಳೆ, ಮತ್ತೆ ಬರುತ್ತದೆ. ಹಿಂದೆ ನಿಂತ ಯಾರೋ ಹೆಂಗಸು, "ನಿನ್ನ ಬಾಗಿನ ಗಂಗಮ್ಮಂಗೆ ಸಾಲ್ದಂತೆ ಕಣೇ" ಎಂದು ನಗುತ್ತಾಳೆ. ಆಮೇಲೆ ನನಗೆ ಯಾರೋ ತಂಬಿಟ್ಟಿನ ಉಂಡೆ ಕೊಡುತ್ತಾರೆ.

"ಇಲ್ಲಿಗೆ ನೀರು ಬರುತ್ತಿತ್ತು," ಎಂದೆ.

ಮೂವರೂ ನನ್ನನ್ನೇ ನೋಡಿದರು. ಕ್ರಿಕೆಟ್ಟಿನ ಚೆಂಡೊಂದು ಕೆಳಗಿನ ಮೆಟ್ಟಿಲಿಗೆ ಬಂದು ಬಡಿಯಿತು. ಪುಟ್ಟರಾಜುವಿಗೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿರಲಿಲ್ಲ. "ಸಾರ್, ನೀರು ಎಲ್ಲದೆ ನೋಡಿ, ಚೆಂಡು ಎಲ್ಲದೆ ನೋಡಿ" ಎಂದ. ಗೌರಮ್ಮ ಮಾತ್ರ ನಗಲಿಲ್ಲ. "ಇಲ್ಲ ಕಣಪ್ಪ. ನಾನು ಈ ಮನೆಗೆ ಸೊಸೆಯಾಗಿ ಬಂದ್ಮೇಲೆ ನೀರು ಈ ಮೆಟ್ಲು ಮುಟ್ಟಿಲ್ಲ. ಕೆರೆ ಕೋಡಿ ಬಿದ್ದಾಗ್ಲೂ ಅಗೋ ಆ ಹುಣಸೆಮರದ ತಾವಿಂದ ಈಚೆಗೆ ಬಂದಿಲ್ಲ. ಸುಳ್ಳು ಹೇಳಿ ಮಾರಕ್ಕೆ ನಂಗೇನು ಬಂದಿದೆ?" ಎಂದರು. ಹುಣಸೆಮರ ಮೆಟ್ಟಿಲಿನಿಂದ ಹತ್ತು ಹೆಜ್ಜೆ ಆಚೆಗಿತ್ತು. ಅವರ ಮುಖದಲ್ಲಿ ಸುಳ್ಳಿನ ಗುರುತು ನನಗೆ ಕಾಣಲಿಲ್ಲ.

ಹಿಂದಿರುಗುವಾಗ ಆಟೋದಲ್ಲಿ ಸುಮ, "ಈ ನೆನಪು ಇಷ್ಟು ವರ್ಷ ಎಲ್ಲಿತ್ತು? ಒಂದು ದಿನವೂ ಹೇಳಿರಲಿಲ್ಲ" ಎಂದಳು.

"ನೆನಪಿಗೆ ಬಂದಿರಲಿಲ್ಲ."

"ಮನೆ ಕೊಳ್ಳೋಣ ಅಂದ ತಕ್ಷಣ ಬಂತು."

ಇತಿಹಾಸ ಓದಿದವನಿಗೆ ಮೊದಲು ಕಲಿಸುವುದೇ ಇದು: ಯಾವ ಸಾಕ್ಷಿ ತನ್ನನ್ನು ಹೇಳಿದವನಿಗೆ ಅನುಕೂಲವಾಗಿರುತ್ತದೋ ಅದನ್ನು ಎರಡು ಸಲ ನೋಡು. ಮನೆ ಎಂದರೆ ಹಿಂದೆ ಸರಿಯುವ ನನಗೆ ಈ ನೆನಪು ಎಷ್ಟು ಅನುಕೂಲವಾಗಿತ್ತು ಎಂದು ನನಗೇ ಕಾಣುತ್ತಿತ್ತು. ಜಯಲಕ್ಷ್ಮಿಪುರಂನಲ್ಲಿರುವ ನಮ್ಮಕ್ಕನಿಗೆ ಫೋನ್ ಮಾಡಿದೆ. ಅಮ್ಮ ತೀರಿಕೊಂಡು ಆಗಲೇ ಹತ್ತು ವರ್ಷವಾಗಿತ್ತು. ಬೇರೆ ಯಾರನ್ನು ಕೇಳಲಿ? ಅಕ್ಕ ನನಗಿಂತ ಐದು ವರ್ಷ ದೊಡ್ಡವಳು, ಎಲ್ಲದರಲ್ಲೂ ಖಚಿತ. "ಅಮ್ಮ ಯಾವ ಕೆರೆಗೂ ಬಾಗಿನ ಕೊಟ್ಟಿಲ್ಲ ಕಣೋ. ನೀನು ನೋಡಿರೋದು ಟೀವಿಲಿ. ಕನ್ನಂಬಾಡಿ ತುಂಬಿದಾಗೆಲ್ಲ ಮುಖ್ಯಮಂತ್ರಿ ಕೊಡ್ತಾರಲ್ಲ, ಅದು" ಎಂದಳು. "ಮುಖ್ಯಮಂತ್ರಿ ಸೀರೆ ಎತ್ತಿ ಕಟ್ಟಿರ್ತಾರಾ?" ಎಂದೆ. "ನಿನ್ನ ತಲೆಲಿ ಎಲ್ಲಾ ಕಲಸಿಹೋಗಿದೆ ಅಂದೆ ಅಷ್ಟೆ. ಮನೆ ತಗೋ. ಆ ಸುಮ ಪಾಪ ಎಷ್ಟು ಸಲ ಪಾತ್ರೆ ಕಟ್ತಾಳೆ" ಎಂದು ಫೋನ್ ಇಟ್ಟಳು.

ಒಂದು ವಾರದಲ್ಲಿ ಕಾಗದಪತ್ರ ವಕೀಲರ ಕೈಯಲ್ಲಿತ್ತು. ಅವರು ಎಲ್ಲ ಸರಿಯಿದೆ, ಹೊಸದಾಗಿ ಕಟ್ಟಲು ಬಿಡುವುದಿಲ್ಲ, ಇರುವುದನ್ನು ರಿಪೇರಿ ಮಾಡಿಕೊಳ್ಳಬಹುದು ಎಂದರು. ಆಗಲೇ ಅಡ್ವಾನ್ಸ್ ಕೊಟ್ಟು ಮುಗಿಸಿಬಿಡಬಹುದಿತ್ತು. ಆದರೆ ಅಷ್ಟರಲ್ಲಿ ಆಷಾಢ ಹುಟ್ಟಿತು. ಪುಟ್ಟರಾಜು ಫೋನಿನಲ್ಲೇ ಕಿವಿ ಮುಚ್ಚಿಕೊಂಡವನಂತೆ, "ಆಷಾಢ್ದಲ್ಲಿ ಯಾರು ಸಾರ್ ಅಡ್ವಾನ್ಸ್ ಕೊಡ್ತಾರೆ? ಕೊಟ್ರೂ ಅಮ್ಮ ಈಸ್ಕೊಳಲ್ಲ" ಎಂದ. ತಿಂಗಳಿಗೂ ಇಟ್ಟಿಗೆಗೂ ಏನು ಸಂಬಂಧ ಎಂದು ನಾನು ಸಣ್ಣದೊಂದು ಭಾಷಣ ಮಾಡಿದೆ. "ಅದೆಲ್ಲ ನಿಮ್ಗೆ ಗೊತ್ತಿರ್ತದೆ ಸಾರ್. ಶ್ರಾವಣದ ಮೊದಲ್ನೇ ಸೋಮವಾರ ಕೊಡಿ" ಎಂದ. ಸುಮಳಿಗೂ ಅದೇ ಸರಿ ಎನ್ನಿಸಿತು. ಗಣಿತ ಕಲಿಸುವವಳು ಆಷಾಢದ ನಾಲ್ಕು ಶುಕ್ರವಾರವೂ ಬೆಳಿಗ್ಗೆ ಎದ್ದು ಬೆಟ್ಟದ ಮೆಟ್ಟಿಲು ಹತ್ತಿ ಬಂದಳು. ನಾನು ಕೀಟಲೆ ಮಾಡಿದರೆ, "ಸಾಧ್ಯತೆ ಸ್ವಲ್ಪ ಜಾಸ್ತಿ ಮಾಡ್ಕೊಂಡ್ರೆ ತಪ್ಪೇನಿಲ್ಲ" ಎನ್ನುತ್ತಿದ್ದಳು.

ಹೀಗೆ ನಮಗೆ ಒಂದು ತಿಂಗಳು ಸಿಕ್ಕಿತು, ಮಳೆಗೂ ಸಿಕ್ಕಿತು. ಆ ವರ್ಷದ ಆಷಾಢ ನನಗೆ ಇಡಿಯಾಗಿ ನೆನಪಿದೆ, ಅಥವಾ ಅದರ ಬಣ್ಣವಾದರೂ ನೆನಪಿದೆ. ಮೈಸೂರಿನ ಮಳೆಗೆ ಸಾಮಾನ್ಯವಾಗಿ ಒಂದು ಮರ್ಯಾದೆ ಇರುತ್ತದೆ. ಸಂಜೆ ಬಂದು, ಅರ್ಧ ಗಂಟೆ ಸುರಿದು, ರಸ್ತೆ ತೊಳೆದು ಹೋಗುತ್ತದೆ. ಆ ಸಲ ಹಾಗಾಗಲಿಲ್ಲ. ಹಗಲೆಲ್ಲ ಜಿನುಗುತ್ತಿತ್ತು, ಒಣಗದ ಬಟ್ಟೆಯ ವಾಸನೆ ಮನೆ ತುಂಬ. ಪ್ರತಿ ಭಾನುವಾರ ನಾವು ಒಂದೇ ಛತ್ರಿಯಲ್ಲಿ ಕೆರೆ ಏರಿಯ ಮೇಲೆ ನಡೆದು ಹೋಗುತ್ತಿದ್ದೆವು. ಮೊದಲ ವಾರ ಒಂದು ಕ್ರಿಕೆಟ್ಟು ನಿಂತಿತ್ತು, ಎರಡನೇ ವಾರ ಮೂರೂ ನಿಂತಿದ್ದವು. ಬಿರುಕುಗಳು ಮುಚ್ಚಿಕೊಂಡವು. ಎಲ್ಲಿಂದಲೋ ನೀರುಕಾಗೆಗಳು ಬಂದು ಮುಳುಗಿದ ಜಾಲಿಗಿಡಗಳ ಮೇಲೆ ರೆಕ್ಕೆ ಹರಡಿ ಕೂತವು.

ನಾನು ನೀರು ನೋಡುತ್ತಿದ್ದೆ. ಸುಮ ಮನೆ ನೋಡುತ್ತಿದ್ದಳು. ಬಾಡಿಗೆಗೆ ಕೊಡುವ ಮನೆಯ ಅಡುಗೆಕಟ್ಟೆಗೆ ಇವಳು ಯಾಕೆ ತನ್ನ ಮೊಣಕೈ ಇಟ್ಟು ಎತ್ತರ ನೋಡುತ್ತಾಳೆ ಎಂದು ಮೊದಲು ಹೊಳೆಯಲಿಲ್ಲ. ಎರಡನೇ ಭಾನುವಾರ ಗೌರಮ್ಮನ ಹತ್ತಿರ ಬಚ್ಚಲೊಲೆಗೆ ಎಷ್ಟು ಸೌದೆ ಬೇಕು ಎಂದು ಕೇಳಿದಳು. ಮೂರನೇ ಭಾನುವಾರ ಹಿತ್ತಲಲ್ಲಿ ಹುಣಸೆಮರಕ್ಕೂ ಗೋಡೆಗೂ ನಡುವೆ ನಿಂತು ಎರಡೂ ಕೈ ಚಾಚಿದಳು. "ಏನು ಮಾಡ್ತಿದೀಯ?" ಎಂದೆ. "ಏನಿಲ್ಲ, ಬಟ್ಟೆ ಹಗ್ಗ ಎಷ್ಟುದ್ದ ಬರುತ್ತೆ ಅಂತ" ಎಂದು ಕೈ ಇಳಿಸಿದಳು. ಯೋಗದವರ ಬಟ್ಟೆ ಒಣಗಿಸಲು ಯಾರೂ ಹಾಗೆ ಕೈ ಚಾಚುವುದಿಲ್ಲ.

ಅವತ್ತು ಏರಿಯ ಮೇಲೆ ಜಗಳವಾಯಿತು. ಜಗಳವೆಂದರೆ ಛತ್ರಿಯೊಳಗೆ ಆಗುವಷ್ಟು. ನೀರು ಆಗಲೇ ಹುಣಸೆಮರದ ಹತ್ತಿರಕ್ಕೆ ಬರುತ್ತಿತ್ತು. ನಾನು, "ನೋಡು, ಇನ್ನೂ ಮಳೆ ಇದೆ. ಇದು ಮೆಟ್ಟಿಲಿಗೆ ಬಂದೇ ಬರುತ್ತೆ" ಎಂದೆ.

"ನಿಮಗೆ ಖಾತ್ರಿ ಇದೆಯಾ?"

"ಖಾತ್ರಿ ಅಂತಲ್ಲ. ನೆನಪಿದೆ."

"ಆ ನೆನಪು ನಿಜ ಅಂತ ಖಾತ್ರಿ ಇದೆಯಾ?"

"ಅದೇ ಇಲ್ಲ."

ಅವಳು ನಿಂತಳು. ನಾನು ಛತ್ರಿಯ ಜೊತೆ ಎರಡು ಹೆಜ್ಜೆ ಮುಂದೆ ಹೋಗಿದ್ದೆ, ಅವಳು ನೆನೆಯುತ್ತಿದ್ದಳು. "ಇದ್ದರೆ ಬೇಡ ಅನ್ನಿ, ಬಿಟ್ಟುಬಿಡ್ತೀನಿ. ಇಲ್ಲದಿದ್ದರೆ ಹ್ಞೂಂ ಅನ್ನಿ. ಎರಡೂ ಅಲ್ಲದೆ ಮಧ್ಯದಲ್ಲಿ ನಿಂತ್ಕೊಂಡು ಅನುಮಾನ ಪಡ್ತಿದ್ದರೆ ನಾನೇನು ಮಾಡಲಿ? ನಿಮಗೆ ನೀರಿನ ಭಯ ಇಲ್ಲ ಕಣ್ರೀ. ಮನೆ ಭಯ. ಒಂದೇ ಮನೇಲಿ ಸಾಯೋತನಕ ಇರಬೇಕಲ್ಲ ಅಂತ."

"ಹೂಡಿಕೆ ಅಂದಿದ್ದೆ ನೀನು."

"ಅಂದಿದ್ದೆ," ಎಂದಳು. ಅಷ್ಟೇ ಅಂದಳು. ನಾನು ಹಿಂದೆ ಬಂದು ಛತ್ರಿ ಹಿಡಿದೆ. ಆ ಮಾತಿನ ನಂತರ ಇಬ್ಬರಿಗೂ ಮುಚ್ಚಿಡುವುದೇನೂ ಉಳಿಯಲಿಲ್ಲ. ಅವಳಿಗೆ ಅಲ್ಲಿ ಇರಬೇಕಿತ್ತು. ಮನೆಗೆ ಬರುವ ಹೊತ್ತಿಗೆ ನಾನು ಹ್ಞೂಂ ಎಂದಿದ್ದೆ.

ಶ್ರಾವಣದ ಮೊದಲ ಸೋಮವಾರ ಬೆಳಿಗ್ಗೆ ಹೊರಟೆವು. ಸುಮ ಬ್ಯಾಂಕಿನ ಚೆಕ್ಕಿಗೆ ಅರಿಸಿನ ಹಚ್ಚಿ ಬ್ಯಾಗಿನಲ್ಲಿಟ್ಟಿದ್ದಳು. ಹಿಂದಿನ ದಿನವೇ ಕೆರೆ ಕೋಡಿ ಬಿದ್ದಿದೆ ಎಂದು ಪುಟ್ಟರಾಜು ಹೇಳಿದ್ದ. ಎಷ್ಟೋ ವರ್ಷದ ಮೇಲಂತೆ. ಏರಿಯ ಆ ತುದಿಯಲ್ಲಿ, ಹೆಚ್ಚಾದ ನೀರು ಹೊರಗೆ ಹರಿದುಹೋಗುವ ಕಲ್ಲಿನ ಕಟ್ಟೆಯ ಹತ್ತಿರ, ಜನ ಜಾತ್ರೆಯಂತೆ ಸೇರಿದ್ದರು. ಕೆರೆ ಅಂಚಿನಿಂದ ಅಂಚಿಗೆ ತುಂಬಿ ಬೂದುಬಣ್ಣದಲ್ಲಿ ಮಿನುಗುತ್ತಿತ್ತು. ನನ್ನ ಕಣ್ಣು ಮೊದಲು ಹೋದದ್ದು ಹಿತ್ತಲಿಗೆ. ನೀರು ಹುಣಸೆಮರದ ಬುಡಕ್ಕೆ ಬಂದು ನಿಂತಿತ್ತು. ಒಂದು ಗೇಣೂ ಈಚೆಗಿಲ್ಲ. ಗೌರಮ್ಮ ಹೇಳಿದ್ದು ಹೇಳಿದಂತೆಯೇ. ಸುಮ ನನ್ನನ್ನು ನೋಡಿದಳು, ಗೆದ್ದೆ ಎನ್ನುವ ನೋಟ ಅಲ್ಲ. ಸದ್ಯ ಎನ್ನುವ ನೋಟ. ನನಗೂ ಹಗುರಾಯಿತು. ನನ್ನ ನೆನಪು ಟೀವಿಯದೇ ಇರಬೇಕು ಎಂದುಕೊಂಡೆ, ಅಕ್ಕ ಯಾವಾಗಲೂ ಸರಿಯೇ.

ಗೌರಮ್ಮ ಮಡಿಯಲ್ಲಿದ್ದರು. "ಒಂದೈದು ನಿಮಿಷ ಕೂತ್ಕಳಿ. ಗಂಗಮ್ಮಂಗೆ ಬಾಗಿನ ಕೊಟ್ಬುಟ್ಟು ಬತ್ತೀನಿ. ಇದೇ ಕೊನೇದು ಈ ಮನೇದು. ಆಮೇಲೆ ಅಡ್ವಾನ್ಸ್ ಈಸ್ಕೋತೀನಿ" ಎಂದರು. ಕೋಡಿಗೆ ಹೋಗುವುದಿಲ್ಲವೇ ಎಂದು ಸುಮ ಕೇಳಿದಳು. "ಅಲ್ಲಿಗ್ಯಾಕವ್ವ? ಈ ಮನೆಯವ್ರು ಹಿತ್ಲಲ್ಲೇ ಕೊಡೋದು" ಎಂದು ಮೊರ ಎತ್ತಿಕೊಂಡು ಹಿತ್ತಲ ಬಾಗಿಲಿನಿಂದ ಇಳಿದರು. ನಾವಿಬ್ಬರೂ ಹಿಂದೆಯೇ ಹೋಗಿ ಬಾಗಿಲಲ್ಲಿ ನಿಂತೆವು.

ಒಂದು ಮೆಟ್ಟಿಲು, ಎರಡು, ಮೂರು. ಮೂರನೆಯದರಲ್ಲಿ ಗೌರಮ್ಮ ನಿಂತರು. ಕುಕ್ಕರಗಾಲಲ್ಲಿ ಕೂತು ಮೊರವನ್ನು ಆ ಒಣಕಲ್ಲಿನ ಅಂಚಿಗೆ ಇಟ್ಟರು. ಚೊಂಬಿನಿಂದ ಅದರ ಸುತ್ತ ನೀರು ಬಿಟ್ಟರು. ಎರಡೂ ಕೈಯಿಂದ ಮೊರವನ್ನು ಸ್ವಲ್ಪ ಮುಂದಕ್ಕೆ, ಏನೂ ಇಲ್ಲದ ಕಡೆಗೆ, ತಳ್ಳಿದಂತೆ ಮಾಡಿದರು. ನಮಸ್ಕಾರ ಮಾಡಿದರು. ಆಮೇಲೆ ಮೊರ ಎತ್ತಿಕೊಂಡು ಎದ್ದು, ಉಳಿದ ಮೆಟ್ಟಿಲು ಇಳಿದು, ಹುಣಸೆಮರದವರೆಗೆ ನಡೆದು, ಅಲ್ಲಿ ನೀರಿಗೆ ಬಿಟ್ಟರು.

ಅವರು ಹಿಂದಿರುಗಿದರು. "ಮೊದಲು ಮೆಟ್ಟಿಲ ಮೇಲೆ ಯಾಕೆ ಇಟ್ಟಿರಿ ಗೌರಮ್ಮನವರೇ?" ಎಂದೆ.

"ಹಂಗೇ ಮಾಡೋದು ಕಣಪ್ಪ. ನಮ್ಮತ್ತೆ ಹಂಗೇ ಮಾಡ್ತಿದ್ರು. ಮೂರನೇ ಮೆಟ್ಲಲ್ಲಿ ಕೂತು, ನೀರು ಬುಟ್ಟು, ತಳ್ದಂಗೆ ಮಾಡಿ, ಆಮೇಲೆ ಎತ್ಕೊಂಡು ಹೋಗೋದು."

"ಯಾಕೆ ಅಂತ ಕೇಳಲಿಲ್ವಾ?"

"ಅತ್ತೇನ ಯಾಕೆ ಅಂತ ಕೇಳೋ ಕಾಲವಾ ಅದು?" ಎಂದು ನಕ್ಕರು. "ಬೀದಿ ಮುತ್ತೈದೆರ್ನೆಲ್ಲ ಕರೀತಿದ್ರಂತೆ ಮುಂಚೆ. ಒಬ್ಬೊಬ್ರೂ ಅಲ್ಲೇ ಕೂತು ಕೊಡ್ತಿದ್ರಂತೆ. ತಂಬಿಟ್ಟು ಮಾಡಿ ಹಂಚೋರಂತೆ. ನಾ ಬರೋ ಹೊತ್ಗೆ ಅದೆಲ್ಲ ನಿಂತೋಗಿತ್ತು."

ತಂಬಿಟ್ಟು. ನಾನು ಆ ಮಾತನ್ನು ಅವರ ಮುಂದೆ ಎಂದೂ ಎತ್ತಿರಲಿಲ್ಲ. ಎತ್ತಿರಲಿಲ್ಲ ಎಂದೇ ಅಂದುಕೊಂಡಿದ್ದೇನೆ. ಸುಮ, ಎತ್ತಿದ್ದಿರಿ, ಮೊದಲ ದಿನವೇ ಮೊರ, ತಂಬಿಟ್ಟು ಎಲ್ಲ ಹೇಳಿದ್ದಿರಿ ಎನ್ನುತ್ತಾಳೆ. ಇರಲಿ. ನೀರಿಲ್ಲದ ಕಲ್ಲಿನ ಮೇಲೆ ಒಬ್ಬ ಹೆಂಗಸು ನೀರಿಗೆ ತಳ್ಳುವ ಹಾಗೆ ಮೊರ ತಳ್ಳುವುದನ್ನು ನಾನು ನೋಡಿದ್ದೆ. ನಡವಳಿಕೆ ಉಳಿದಿತ್ತು, ಅದರ ಕೆಳಗಿನ ನೀರು ಹೋಗಿತ್ತು. ನಮ್ಮಮ್ಮ ಅಲ್ಲಿ ಕೂತಿದ್ದಳು. ಅದೇ ಕಲ್ಲು. ನನಗೆ ಆ ಕ್ಷಣ ಆ ಮನೆ ಬೇಕಾಯಿತು. ಜೀವನದಲ್ಲಿ ಮೊದಲ ಸಲ ಒಂದು ಮನೆ, ಅದರ ಸೋರುವ ಹೆಂಚು ಸಮೇತ, ನನ್ನದಾಗಬೇಕು ಎನ್ನಿಸಿತು.

ಪಕ್ಕದಲ್ಲಿ ಸುಮಳ ಬ್ಯಾಗಿನ ಜಿಪ್ಪು ಎಳೆದ ಸದ್ದಾಯಿತು. ತೆಗೆದಳೇನೋ ಎಂದು ತಿರುಗಿದೆ. ಮುಚ್ಚಿದ್ದಳು.

ಪುಟ್ಟರಾಜುವಿಗೆ ಏನು ಹೇಳಿದೆವು, ಗೌರಮ್ಮನ ಮುಖ ಹೇಗಾಯಿತು, ಅದೊಂದೂ ನನಗೆ ನೆನಪಿಲ್ಲ. ಇನ್ನೊಂದು ದಿನ ಬರುತ್ತೇವೆ ಎಂದಿರಬೇಕು. ನೆನಪಿರುವುದು ಏರಿಯ ಮೇಲೆ ಸುಮ ವೇಗವಾಗಿ ನಡೆದದ್ದು, ನಾನು ಹಿಂದೆ ಓಡಿದ್ದು. ಈ ಸಲ ಮಳೆ ಇರಲಿಲ್ಲ.

"ತಗೊಳ್ಳೋಣ," ಎಂದೆ.

"ಬೇಡ. ನೀರು ಬಂದಿತ್ತು ಅಂತ ನೀವೇ ಹೇಳ್ತಿದ್ದಿರಿ. ಬಂದಿತ್ತು. ಈಗ ನಾನೇ ನೋಡಿದೆ. ಒಂದು ಸಲ ಬಂದದ್ದು ಇನ್ನೊಂದು ಸಲ ಬರುವ ಸಾಧ್ಯತೆ ಸೊನ್ನೆ ಅಲ್ಲ."

"ನಲವತ್ತು ವರ್ಷದಿಂದ ಬಂದಿಲ್ಲ."

"ನಲವತ್ತು ವರ್ಷ ನೀವು ಅದನ್ನ ಮರೆತೂ ಇದ್ದಿರಿ. ಮರೆತದ್ದೆಲ್ಲ ಹೋಯ್ತು ಅಂತ ಅಲ್ಲವಲ್ಲ?" ಬ್ಯಾಗನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡಳು. "ಎಂಟು ಮನೆಗೆ ನಾನೇ ಸಾಮಾನು ಎತ್ತಿದೀನಿ. ಒಂಬತ್ತನೇದರಿಂದ ನೀರು ಎತ್ತಿಸೋದು ಬೇಡ. ನನಗೆ ಅಲುಗಾಡದ ಮನೆ ಬೇಕು ಕಣ್ರೀ. ಚೆನ್ನಾಗಿರೋದು ಬೇಡ. ಅಲುಗಾಡಬಾರದು, ಅಷ್ಟೆ."

ನನ್ನ ಅನುಮಾನ ಅವಳಿಗೆ ದಾಟಿತ್ತು. ಅವಳ ಆಸೆ ನನಗೆ. ಏರಿಯ ಮೇಲೆ ನಿಂತು ಇಬ್ಬರೂ ಎದುರು ಬದುರು ಜಾಗ ಬದಲಾಯಿಸಿಕೊಂಡಿದ್ದೆವು. ನನಗೆ ನಗು ಬಂತು. ಅವಳ ಮುಖ ನೋಡಿ ನುಂಗಿಕೊಂಡೆ. ಇಷ್ಟು ವರ್ಷ ಅವಳು ನನ್ನ ಬೇಡಗಳನ್ನು ಸಹಿಸಿದ್ದಳು. ಅವಳ ಒಂದು ಬೇಡವನ್ನು ನಾನು ಸಹಿಸಬೇಡವೆ?

ಪುಟ್ಟರಾಜು ಒಂದು ತಿಂಗಳು ಮಾತು ಬಿಟ್ಟ. ಗೌರಮ್ಮನಿಗೆ ಬೇರೆಯವರು ಸಿಕ್ಕಿದರು, ಲಿಫ್ಟೂ ಸಿಕ್ಕಿತು. ಒಮ್ಮೆ ದೇವರಾಜ ಮಾರುಕಟ್ಟೆಯಲ್ಲಿ ವೀಳ್ಯದೆಲೆ ಆರಿಸುತ್ತ ಸಿಕ್ಕಿದ್ದರು. "ಎಂಗೈತೆ ಲಿಫ್ಟು?" ಎಂದು ನಾನು ಅವರ ಧಾಟಿಯಲ್ಲೇ ಕೇಳಿದ್ದಕ್ಕೆ, "ಯಜಮಾನ್ರು ಮೆಟ್ಲು ಹತ್ಕೊಂಡೇ ಬತ್ತಾರೆ, ಹಟಕ್ಕೆ. ನಾನು ಮೇಲೆ ಹೋಗಿ ಕಾಫಿ ಇಟ್ಟಿರ್ತೀನಿ, ಅವ್ರು ಏದುಸಿರು ಬುಟ್ಕೊಂಡು ಬರೋ ಹೊತ್ಗೆ ಆರೋಗಿರ್ತದೆ" ಎಂದರು. ನಾವು ಮರುವರ್ಷ ಒಂಟಿಕೊಪ್ಪಲಿನಲ್ಲಿ ಎರಡನೇ ಮಹಡಿಯ ಫ್ಲ್ಯಾಟು ಕೊಂಡೆವು. ಕೆರೆಯ ನೀರು ಅಲ್ಲಿಗೆ ಬರುವ ಭಯವಿಲ್ಲ. ಕೆಲವು ದಿನ ನಲ್ಲಿಯ ನೀರೂ ಅಷ್ಟೆತ್ತರ ಹತ್ತುವುದಿಲ್ಲ. ಅಡುಗೆಕಟ್ಟೆ ಸುಮಳ ಮೊಣಕೈಗಿಂತ ಸ್ವಲ್ಪ ಎತ್ತರ. ಅವಳು ಒಂದು ಮಣೆ ಹಾಕಿಕೊಂಡಿದ್ದಾಳೆ. ನಾನು ಅಲ್ಲಿಂದ ಅಲುಗಾಡಿಲ್ಲ.

ಇದೆಲ್ಲ ಕಳೆದ ಶ್ರಾವಣದಲ್ಲಿ ಆ ಕಾಫಿಯ ಲೋಟದ ಸುತ್ತ ಮತ್ತೆ ಬಂತು. ಅಂಗಡಿಯವರು ಹಳೆಯ ಐದು ಮೆಟ್ಟಿಲು ಹಾಗೇ ಉಳಿಸಿ, ಕೆಳಗೆ ನೀರಿನವರೆಗೂ ಹೊಸ ಸಿಮೆಂಟಿನ ಮೆಟ್ಟಿಲು ಸೇರಿಸಿದ್ದರು. ಈ ಸಲವೂ ಕೆರೆ ತುಂಬಿತ್ತು. "ಗೌರಮ್ಮ ಮೊರ ಇಟ್ಟಿದ್ದು ಎರಡನೇ ಮೆಟ್ಟಿಲಲ್ಲಿ," ಎಂದಳು ಸುಮ. "ಮೂರನೇದು," ಎಂದೆ. "ಎರಡನೇದು. ಮತ್ತೆ ಮರದ ಹತ್ತಿರ ನೀರಿಗೆ ಬಿಟ್ಟಾಗ ಅದು ತಿರುಗಿ ಅವರ ಕಾಲಿಗೇ ಬಂತು. ಎರಡು ಸಲ ತಳ್ಳಿದರು." ನಾನು ಬೆಚ್ಚಿದೆ. ಮೊರ ತಿರುಗಿ ಬಂದದ್ದು ನಮ್ಮಮ್ಮನ ಕಾಲಿಗೆ. ಅಥವಾ ಗೌರಮ್ಮನ ಕಾಲಿಗೆ ಬಂದದ್ದನ್ನು ನೋಡಿ, ಆಮೇಲೆ 'ಸಾಲ್ದಂತೆ ಕಣೇ' ಎಂಬ ಮಾತನ್ನೂ ಹೊಲಿದು, ಅದನ್ನು ಅಮ್ಮನಿಗೆ ಉಡಿಸಿದೆನೋ? ಆರು ವರ್ಷದ ಹುಡುಗ ನೋಡಿದ್ದೆಷ್ಟು, ಐವತ್ತು ವರ್ಷದ ಗಂಡಸು ಅವನ ಕಿಸೆಗೆ ತುರುಕಿದ್ದೆಷ್ಟು? ಕೇಳಲು ಯಾರೂ ಉಳಿದಿರಲಿಲ್ಲ. ಕಲ್ಲು ಮಾತ್ರ ಉಳಿದಿತ್ತು.

ಮುಂದಿನ ಭಾನುವಾರ ಸುಮಳ ಹೊಲಿಗೆಯ ಟೇಪು ಕಿಸೆಯಲ್ಲಿಟ್ಟುಕೊಂಡು ಒಬ್ಬನೇ ಹೋದೆ. ಅಂಗಡಿಯಲ್ಲಿ ಕಾಫಿ ಹೇಳಿ, ನೀರಿನ ಮಟ್ಟದಿಂದ ಮೂರನೇ ಮೆಟ್ಟಿಲಿನವರೆಗೆ ಒಂದೊಂದು ಮೆಟ್ಟಿಲ ಎತ್ತರವನ್ನೂ ಅಳೆದು ಕೂಡಿದೆ. ಪಕ್ಕದ ಮೇಜಿನ ಹುಡುಗಿಯರು ನಕ್ಕರು. ಅಲ್ಲಿಂದ ಏರಿಯ ಮೇಲೆ ನಡೆದು ಕೋಡಿಗೆ ಹೋದೆ. ಕೆರೆ ಎಷ್ಟು ತುಂಬಬಹುದು ಎಂದು ತೀರ್ಮಾನಿಸುವುದು ಕೋಡಿಯ ಕಲ್ಲು. ಅದರ ಎತ್ತರ ಮೀರಿದರೆ ನೀರು ಹೊರಗೆ. ಇಷ್ಟು ಸಲ ಆ ಕೆರೆಗೆ ಹೋಗಿ ಬಂದ ನಾನು ಆ ಕಲ್ಲನ್ನು ಒಂದು ದಿನವೂ ಹತ್ತಿರದಿಂದ ನೋಡಿರಲಿಲ್ಲ. ಚಪ್ಪಲಿ ಬಿಟ್ಟು, ಪಂಚೆ ಎತ್ತಿ ಕಟ್ಟಿ, ಪಕ್ಕದ ಗೋಡೆ ಹಿಡಿದು ಇಳಿದೆ. ಹರಿಯುವ ನೀರಿನ ಮೇಲುಗಡೆ ಎರಡೂ ಬದಿಯ ಹಳೆಯ ಗೋಡೆಗಳಲ್ಲಿ ಎದುರು ಬದುರು ಗೂಡುಗಳಿದ್ದವು, ಕಲ್ಲಿನ ತುದಿ ಕೂರಿಸುವಂಥವು, ಆಮೇಲೆ ಯಾರೋ ಸಿಮೆಂಟು ತುಂಬಿ ಮುಚ್ಚಿದಂಥವು. ಎರಡು ಸಾಲು. ಕೋಡಿಯ ಮೇಲಿನ ಎರಡು ಸಾಲು ಕಲ್ಲನ್ನು ಯಾವ ಕಾಲದಲ್ಲೋ ತೆಗೆದಿದ್ದರು. ಕೆಳಗೆ ಬಡಾವಣೆ ಎದ್ದಾಗಲೋ ರಸ್ತೆ ಬಂದಾಗಲೋ ಇರಬೇಕು, ಗೌರಮ್ಮ ಸೊಸೆಯಾಗಿ ಬರುವುದಕ್ಕೆ ಮುಂಚೆ. ಅಂದಿನಿಂದ ಕೆರೆ ಎಷ್ಟೇ ತುಂಬಲಿ, ಹುಣಸೆಮರವನ್ನು ದಾಟುವಂತಿರಲಿಲ್ಲ. ಇನ್ನು ಮುಂದೆಯೂ ಇಲ್ಲ.

ಮನೆಗೆ ಬಂದು ಸುಮಳಿಗೆ ಹೇಳಿದೆ. ಅವಳು ಮಣೆಯ ಮೇಲೆ ನಿಂತು ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. ಸೌಟು ಕೆಳಗಿಟ್ಟಳು. "ಅಂದ್ರೆ ನಿಮ್ಮಮ್ಮ ಅಲ್ಲಿ ಕೂತಿದ್ದಿರಬಹುದು," ಎಂದಳು. ಆ ಮನೆಯ ಬಗ್ಗೆ ಇನ್ನೊಂದು ಮಾತು ನನ್ನ ನಾಲಿಗೆಗೂ ಬಂದಿತ್ತು, ಅವಳ ನಾಲಿಗೆಗೂ ಬಂದಿರಬೇಕು. ಇಬ್ಬರೂ ಆಡಲಿಲ್ಲ. ಅವಳು ಟೇಪು ಈಸಿಕೊಂಡು ಬೆರಳಿಗೆ ಸುತ್ತಿ ಡಬ್ಬದಲ್ಲಿಟ್ಟಳು.

ಅಮ್ಮನ ಬಗ್ಗೆ ನನಗೆ ಇವತ್ತಿಗೂ ಖಾತ್ರಿ ಇಲ್ಲ. ಮೊರ ಯಾರ ಕಾಲಿಗೆ ಬಂತೋ ಗೊತ್ತಿಲ್ಲ. ಆದರೆ ಕೋಡಿಯ ಗೋಡೆಯಲ್ಲಿ ಆ ಎರಡು ಸಾಲು ಗೂಡುಗಳ ಎತ್ತರವನ್ನು ಅದೇ ಟೇಪಿನಲ್ಲಿ ಅಳೆದೆ, ಎರಡು ಸಲ. ತುಂಬಿದ ನೀರಿನಿಂದ ಮೂರನೇ ಮೆಟ್ಟಿಲಿಗೆ ಎಷ್ಟೋ, ಅದೂ ಅಷ್ಟೇ ಇದೆ. ಒಂದು ಬೆರಳಿನ ವ್ಯತ್ಯಾಸ.